‘ಗೋಲ್ಡನ್’: ಒಂದು ಡಬ್ಬಿ ಸಾಕು, ಹತ್ತನೇ ಹಾಡು ಬಿಡಬೇಡಿ

ಕೊರಿಯಾದ ಪಾಪ್ ತಂಡ ಬಿಟಿಎಸ್‌ನ ಗಾಯಕ ಜಂಗ್‌ಕುಕ್‌ನ ಆಲ್ಬಮ್ ‘ಗೋಲ್ಡನ್’ ಮೂರು ಬಗೆಯ ಸಿ.ಡಿ. ಡಬ್ಬಿಗಳಲ್ಲಿ ಬರುತ್ತದೆ: ಸಾಲಿಡ್, ಶೈನ್, ಸಬ್‌ಸ್ಟನ್ಸ್. ಹೊದಿಕೆ ಬೇರೆ, ಫೋಟೋ ಬೇರೆ, ಒಳಗೆ ಸಿಗುವ ಫೋಟೋಕಾರ್ಡ್ ಬೇರೆ. ಸಿ.ಡಿ.ಯಲ್ಲಿರುವುದು ಮಾತ್ರ ಅದೇ ಹನ್ನೊಂದು ಟ್ರ್ಯಾಕ್. ಮುಂಬೈಯ ಮಾಟುಂಗಾದಿಂದ ಡೊಂಬಿವಲಿವರೆಗಿನ ನಮ್ಮ ಕನ್ನಡದವರ ಮನೆಗಳಲ್ಲಿ ಮಕ್ಕಳು ‘ಮೂರೂ ಬೇಕು’ ಅಂತ ಹಟ ಹಿಡಿಯುತ್ತಾರೆ, ದೊಡ್ಡವರು ‘ಅದೇ ಹಾಡಿಗೆ ಮೂರು ಡಬ್ಬಿ ಯಾಕಪ್ಪಾ?’ ಅನ್ನುತ್ತಾರೆ. ದೊಡ್ಡವರು ಕೇಳುವುದರಲ್ಲಿ ತಪ್ಪಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವುದು ಹಾಡಿನಲ್ಲಲ್ಲ, ಚಾರ್ಟಿನ ಲೆಕ್ಕದಲ್ಲಿ.

ಲೆಕ್ಕ ಹೀಗಿದೆ. ಬಿಟಿಎಸ್ ತಂಡದ ಕಿರಿಯ ಜಂಗ್‌ಕುಕ್‌ನ ಈ ಮೊದಲ ಸೋಲೋ ಆಲ್ಬಮ್ 2023ರ ನವೆಂಬರ್ 3ರಂದು ಬಂತು. ಅಮೆರಿಕದ ಆಲ್ಬಮ್‌ಗಳ ಪಟ್ಟಿಯಾದ ಬಿಲ್‌ಬೋರ್ಡ್ 200ರಲ್ಲಿ ನೇರ ಎರಡನೇ ಸ್ಥಾನಕ್ಕೆ ಹೋಯಿತು. ಮೊದಲನೆಯದರಲ್ಲಿ ಟೇಲರ್ ಸ್ವಿಫ್ಟ್ ಕೂತಿದ್ದಳು. ಆ ವಾರ ‘ಗೋಲ್ಡನ್’ ಗಳಿಸಿದ್ದು 2,10,200 ಯೂನಿಟ್. ಯೂನಿಟ್ ಅಂದರೆ ಕೊಂಡದ್ದನ್ನೂ ಆನ್‌ಲೈನ್‌ನಲ್ಲಿ ಕೇಳಿದ್ದನ್ನೂ ಸೇರಿಸಿ ಎಣಿಸುವ ಅಳತೆ. ಅದರಲ್ಲಿ 1,64,800 ಇಡೀ ಆಲ್ಬಮ್ ಕೊಂಡವರ ಲೆಕ್ಕ, ಅಂದರೆ ನೂರಕ್ಕೆ 78. ಆಗಿನ ನಿಯಮದಲ್ಲಿ ದುಡ್ಡು ಕೊಟ್ಟ ಚಂದಾದಾರರು 1,250 ಸಲ ಹಾಡು ಕೇಳಿದರೆ ಒಂದು ಯೂನಿಟ್. ಜಾಹೀರಾತಿನ ನಡುವೆ ಪುಕ್ಕಟೆ ಕೇಳುವವರಾದರೆ 3,750 ಸಲ. ಮೂರು ನಿಮಿಷದ ಹಾಡನ್ನು 1,250 ಸಲ ಹಾಕಲು 62 ಗಂಟೆ ಬೇಕು, ಎರಡೂವರೆ ಹಗಲು ರಾತ್ರಿ. ಒಂದು ಡಬ್ಬಿ ಕೊಂಡರೆ ಅದೇ ಯೂನಿಟ್ ಒಂದು ನಿಮಿಷದ ಕೆಲಸ, ಮೂರು ಡಬ್ಬಿ ಕೊಂಡರೆ ಮೂರು ಯೂನಿಟ್. ಡಬ್ಬಿಗೆ ಮೂರು ಬಣ್ಣ ಬಂದದ್ದು ಈ ದಾರಿಯಲ್ಲಿ. ಜಂಗ್‌ಕುಕ್ ಒಬ್ಬನೇ ಹೀಗೆ ಮಾಡುವುದಲ್ಲ, ಈಗ ಎಲ್ಲ ದೊಡ್ಡ ಆಲ್ಬಮ್‌ಗಳ ಪದ್ಧತಿಯೇ ಇದು. ಆದರೆ ಮುಂಬೈಯಲ್ಲಿ ಕೂತು ಕೊಳ್ಳುವವರು ಒಂದು ಮಾತು ನೆನಪಿಡಬೇಕು: ಬಿಲ್‌ಬೋರ್ಡ್ 200 ಎಣಿಸುವುದು ಅಮೆರಿಕದ ಮಾರಾಟವನ್ನಷ್ಟೇ. ನೀವು ಇಲ್ಲಿ ಹತ್ತು ಡಬ್ಬಿ ಕೊಂಡರೂ ಆ ಪಟ್ಟಿ ಕೂದಲಷ್ಟೂ ಅಲುಗುವುದಿಲ್ಲ.

ಕೊರಿಯಾದ ಲೆಕ್ಕ ಬೇರೆ. ಹಾಂಟಿಯೋ ಚಾರ್ಟ್ ತನ್ನ ಜೊತೆ ನೋಂದಾಯಿಸಿಕೊಂಡ ಅಂಗಡಿಗಳಲ್ಲಿ ಬಿಲ್ ಆದದ್ದನ್ನು ಎಣಿಸುತ್ತದೆ, ಸರ್ಕಲ್ ಚಾರ್ಟ್ ಅಂಗಡಿಗಳಿಗೆ ಸಾಗಿದ ಪ್ರತಿಗಳಿಂದ ವಾಪಸು ಬಂದದ್ದನ್ನು ಕಳೆಯುತ್ತದೆ. ಹಾಂಟಿಯೋದಲ್ಲಿ ‘ಗೋಲ್ಡನ್’ ಮೊದಲ ವಾರ 24.3 ಲಕ್ಷ ಪ್ರತಿ ದಾಟಿತು. ಅಷ್ಟು ಹೊತ್ತಿಗೆ ಕೊರಿಯಾದ ಯಾವ ಸೋಲೋ ಗಾಯಕನಿಗೂ ಅಷ್ಟು ಆಗಿರಲಿಲ್ಲ. ‘ನನ್ನ ಪ್ರತಿಯೂ ಲೆಕ್ಕಕ್ಕೆ ಬರಬೇಕು’ ಅನ್ನುವ ಆಸೆ ಇದ್ದರೆ ಕೊಳ್ಳುವ ಮುಂಚೆ ಅಂಗಡಿಯ ಪುಟದಲ್ಲಿ ಹಾಂಟಿಯೋ, ಸರ್ಕಲ್ ಎರಡರ ಹೆಸರೂ ಇದೆಯೇ ನೋಡಿಕೊಳ್ಳಿ. ಮರುಮಾರಾಟಗಾರರ ಹತ್ತಿರ ಕೊಂಡದ್ದು ಆಗಲೇ ಒಮ್ಮೆ ಎಣಿಸಿ ಆದದ್ದು, ಎರಡನೇ ಸಲ ಎಣಿಸುವುದಿಲ್ಲ.

ಕಿವಿಯಿಂದ ಗೆದ್ದ ಲೆಕ್ಕ ನೋಡಬೇಕೆಂದರೆ ಆಲ್ಬಮ್ ಬಿಟ್ಟು ‘ಸೆವೆನ್’ ಹಾಡಿಗೆ ಬರಬೇಕು. 2023ರ ಜುಲೈ 14ರಂದು ರ‍್ಯಾಪರ್ ಲಾಟ್ಟೋ ಜೊತೆ ಬಂದ ಇದು ಅಮೆರಿಕದ ಹಾಡುಗಳ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ ನೇರ ಒಂದನೇ ಸ್ಥಾನದಲ್ಲಿ ಇಳಿಯಿತು. ಒಬ್ಬಂಟಿ ಕೊರಿಯನ್ ಗಾಯಕನೊಬ್ಬ ಅಲ್ಲಿಗೆ ಮುಟ್ಟಿದ್ದು ಎರಡನೇ ಸಲ. ಅದೇ ವರ್ಷ ಏಪ್ರಿಲ್‌ನಲ್ಲಿ ಅದೇ ತಂಡದ ಜಿಮಿನ್ ‘ಲೈಕ್ ಕ್ರೇಜಿ’ ಹಾಡಿನಿಂದ ಮುಟ್ಟಿದ್ದ. ಅಮೆರಿಕದಲ್ಲಿ ‘ಸೆವೆನ್’ ಒಂದೇ ವಾರ ಮೇಲಿತ್ತು, ಅದಕ್ಕೂ ಅಭಿಮಾನಿಗಳ ಖರೀದಿಯ ಬಲ ಇತ್ತು. ಜಗತ್ತಿನ ಹಲವಾರು ದೇಶಗಳನ್ನು ಸೇರಿಸುವ ಗ್ಲೋಬಲ್ 200 ಪಟ್ಟಿಯಲ್ಲಿ ಮಾತ್ರ ಏಳು ವಾರ ಅಗ್ರಸ್ಥಾನ. ಸ್ಪಾಟಿಫೈನಲ್ಲಿ 108 ದಿನಕ್ಕೆ 100 ಕೋಟಿ ಸಲ ಕೇಳಿಸಿಕೊಂಡಿತು, ಆ ಹೊತ್ತಿಗೆ ಅದಕ್ಕಿಂತ ವೇಗ ಯಾವ ಹಾಡಿಗೂ ಸಿಕ್ಕಿರಲಿಲ್ಲ. ಡಬ್ಬಿ ಕೊಂಡು ಕಪಾಟಿನಲ್ಲಿಟ್ಟು ಈ ಅಂಕಿ ಬರುವುದಿಲ್ಲ. ಜನ ಮತ್ತೆ ಮತ್ತೆ ಹಾಕಿಕೊಂಡಿದ್ದಾರೆ.

ಯಾಕೆ ಹಾಕಿಕೊಂಡರು ಅನ್ನುವುದು ಹಾಡಿನ ಕಟ್ಟಡದಲ್ಲೇ ಗೊತ್ತಾಗುತ್ತದೆ. ಮೊದಲಿಗೆ ಬರಿ ಗಿಟಾರ್, ಮೇಲೆ ತೆಳ್ಳಗಿನ ದನಿ. ಡ್ರಮ್ ಸೇರುವುದು ಬ್ರಿಟನ್ನಿನ ಗ್ಯಾರಾಜ್ ಶೈಲಿಯ ಚುರುಕು ಲಯದಲ್ಲಿ, ಆದರೆ ಗಾಯಕ ಆ ಲಯದ ಬೆನ್ನು ಹತ್ತುವುದಿಲ್ಲ, ಅದರ ಮೇಲೆ ಆರಾಮಾಗಿ ತೇಲುತ್ತಾನೆ. ಪಲ್ಲವಿಯಲ್ಲಿ ವಾರದ ಏಳು ದಿನಗಳ ಹೆಸರು. ಭಾಷೆ ಬಾರದವರಿಗೂ ಎರಡನೇ ಸಲಕ್ಕೆ ಬಾಯಿಗೆ ಬರುತ್ತದೆ. ಅವನ ಗಂಟಲಿನ ದೊಡ್ಡ ಗುಣ ಉಸಿರಿನ ಹತೋಟಿ. ಮೇಲಿನ ಸ್ವರಕ್ಕೆ ಹೋಗುವಾಗ ದನಿ ದಪ್ಪವಾಗುವುದಿಲ್ಲ, ಕಿರಿಚುವುದೂ ಇಲ್ಲ.

ಇಲ್ಲೇ ಮನೆಯವರಿಗೆ ಒಂದು ಎಚ್ಚರಿಕೆ. ಸಿ.ಡಿ.ಯಲ್ಲಿ ‘ಸೆವೆನ್’ ಎರಡು ಸಲ ಇದೆ: ಮೂರನೇ ಟ್ರ್ಯಾಕ್ ಮತ್ತು ಹನ್ನೊಂದನೇ ಟ್ರ್ಯಾಕ್. ಮೂರನೆಯದರಲ್ಲಿ ಪಲ್ಲವಿಯೇ ಹಸಿ ಮಾತು, ಹನ್ನೊಂದನೆಯದರಲ್ಲಿ ಅದನ್ನು ತಿದ್ದಿ ಹಾಡಿದ್ದಾನೆ. ಹಬ್ಬದ ದಿನ ಹಾಲ್‌ನಲ್ಲಿ ಅಜ್ಜಿ ಹೂ ಕಟ್ಟುತ್ತಾ ಕೂತಿರುವಾಗ ಹಾಕುವುದಿದ್ದರೆ 11 ಒತ್ತಿ. ಮೊದಲನೇ ಹಾಡು ‘3ಡಿ’ಯಲ್ಲಿ ಜ್ಯಾಕ್ ಹಾರ್ಲೋ ಹೇಳುವ ರ‍್ಯಾಪ್ ಬಗ್ಗೆಯೂ ಬಂದಾಗಲೇ ಟೀಕೆ ಎದ್ದಿತ್ತು. ರ‍್ಯಾಪ್ ಇಲ್ಲದ ಆವೃತ್ತಿ ಬೇರೆಯಾಗಿ ಸಿಗುತ್ತದೆ, ಹಾಡಿಗೆ ಅದೇ ಚೆನ್ನ.

ಇಡೀ ಆಲ್ಬಮ್ ಅರ್ಧ ಗಂಟೆ ಚಿಲ್ಲರೆ. ಡೊಂಬಿವಲಿಯಲ್ಲಿ ಫಾಸ್ಟ್ ಲೋಕಲ್ ಹತ್ತಿದಾಗ ಶುರು ಮಾಡಿದರೆ ದಾದರ್ ಬರುವ ಮೊದಲೇ ಮುಗಿದಿರುತ್ತದೆ. ಮೊದಲ ಅರ್ಧ ಕುಣಿತದ್ದು, ಅದರ ತಲೆ ‘ಸ್ಟ್ಯಾಂಡಿಂಗ್ ನೆಕ್ಸ್ಟ್ ಟು ಯೂ’. ಆಂಡ್ರ್ಯೂ ವಾಟ್ ಮತ್ತು ಸರ್ಕಟ್ ಕಟ್ಟಿದ ಹಾಡು. ಬಾಸ್ ಗಿಟಾರ್ ಮುಂದೆ, ಹಿಂದಿನಿಂದ ತುತ್ತೂರಿಗಳ ತಿವಿತ, ಎಪ್ಪತ್ತು–ಎಂಬತ್ತರ ದಶಕದ ಫಂಕ್ ನೆನಪಾಗಬೇಕು ಅಂತಲೇ ಮಾಡಿದ್ದು. ‘3ಡಿ’ಯೂ ಇದೂ ಹಾಟ್ 100ರಲ್ಲಿ 5ನೇ ಸ್ಥಾನ ಮುಟ್ಟಿದವು. ಲೋಕಲ್‌ನ ಗದ್ದಲದಲ್ಲಿ ಅಗ್ಗದ ಇಯರ್‌ಫೋನ್ ಹಾಕಿದರೆ ಮೊದಲು ಕಾಣೆಯಾಗುವುದು ಆ ಬಾಸ್, ಅದು ಹೋದರೆ ಹಾಡಿನ ಬೆನ್ನೆಲುಬೇ ಹೋದಂತೆ. ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ. ಕಿವಿಯನ್ನು ಬಿಗಿಯಾಗಿ ಮುಚ್ಚುವ ರಬ್ಬರ್ ತುದಿ ಬೇಕು, ನಿಮ್ಮ ಕಿವಿಯ ಅಳತೆಯದ್ದು.

‘ಯೆಸ್ ಆರ್ ನೋ’ ಬರೆದವರಲ್ಲಿ ಎಡ್ ಶೀರನ್ ಇದ್ದಾನೆ. ಹೆಸರಿಗೆ ತಕ್ಕಷ್ಟು ಹಾಡು ಇಲ್ಲ. ಡಿಜೆ ಸ್ನೇಕ್ ಜೊತೆಗಿನ ‘ಪ್ಲೀಸ್ ಡೋಂಟ್ ಚೇಂಜ್’ ಕೇಳಿ ಮರೆತುಬಿಡುವಂಥದ್ದು. ಆಲ್ಬಮ್ ನಿಜವಾಗಿ ತೆರೆದುಕೊಳ್ಳುವುದು ಏಳನೆಯದರಿಂದ. ‘ಹೇಟ್ ಯೂ’ ಪಿಯಾನೋ ಮೇಲಿನ ನಿಧಾನದ ಹಾಡು, ಶಾನ್ ಮೆಂಡೆಸ್ ಸೇರಿ ಬರೆದದ್ದು. ಇಲ್ಲಿ ದನಿಗೆ ಅಡಗಿಕೊಳ್ಳಲು ಜಾಗವೇ ಇಲ್ಲ, ಅವನಿಗೆ ಅದು ಬೇಕೂ ಆಗಿಲ್ಲ. ಹತ್ತನೆಯದು, ‘ಶಾಟ್ ಗ್ಲಾಸ್ ಆಫ್ ಟಿಯರ್ಸ್’, ತಣ್ಣಗೆ ಶುರುವಾಗಿ ಕೊನೆಯಲ್ಲಿ ತುಂಬಿ ಏರುತ್ತದೆ. ಸಿಂಗಲ್ ಆಗಿ ಬಾರದ ಕಾರಣ ಚಾರ್ಟಿನ ಗಲಾಟೆಯಲ್ಲಿ ಇದರ ಹೆಸರು ಕಡಿಮೆ, ಡಬ್ಬಿಗೆ ಕೊಟ್ಟ ದುಡ್ಡು ಹುಟ್ಟುವುದು ಮಾತ್ರ ಇಲ್ಲಿ. ಇದು ಮುಗಿದ ಕೂಡಲೇ ಹನ್ನೊಂದನೆಯದಾಗಿ ‘ಸೆವೆನ್’ ಮತ್ತೆ ಓಡಿ ಬರುವುದು ಪಾಯಸ ಉಂಡ ಬಾಯಿಗೆ ಮತ್ತೆ ಸಾರನ್ನ ಇಕ್ಕಿದ ಹಾಗೆ. ಹತ್ತಕ್ಕೇ ನಿಲ್ಲಿಸಿ.

ನನ್ನ ತಕರಾರು ಒಂದಿದೆ. ಇಡೀ ಆಲ್ಬಮ್ ಇಂಗ್ಲಿಷಿನಲ್ಲಿದೆ, ಬರೆದವರ ಪಟ್ಟಿಯಲ್ಲಿ ಒಂದು ಹಾಡಿಗೂ ಜಂಗ್‌ಕುಕ್‌ನ ಹೆಸರಿಲ್ಲ. ಹಾಡುಗಾರನಾಗಿ ಪಳಗಿದ್ದಾನೆ, ಆದರೆ ಉಟ್ಟದ್ದು ಬೇರೆಯವರು ಹೊಲಿದ ಬಟ್ಟೆ. ಅಳತೆ ಸರಿಯಿದೆ, ಆದರೂ ಕೊರಿಯಾದ ಬುಸಾನ್ ಊರಿನ ಈ ಹುಡುಗ ತನ್ನ ನುಡಿಯಲ್ಲಿ ಹಾಡುವಾಗ ಪದದ ಕೊನೆಯಲ್ಲಿ ಕೊಡುವ ಕೊಂಕು ಇಲ್ಲಿ ಎಲ್ಲೂ ಸಿಗುವುದಿಲ್ಲ.

ಇನ್ನು ಕೊಳ್ಳುವ ಮಾತು. ಕಾಲಾಘೋಡಾದ ರಿದಂ ಹೌಸ್ 2016ರಲ್ಲಿ ಮುಚ್ಚಿದ ಮೇಲೆ ಅಂಗಡಿಗೆ ಹೋಗಿ ಸಿ.ಡಿ. ಕೈಯಲ್ಲಿ ಹಿಡಿದು ನೋಡುವ ಅಭ್ಯಾಸ ಈ ಊರಲ್ಲಿ ಬಹುಮಟ್ಟಿಗೆ ಹೋಯಿತು. ಈಗ ಉಳಿದಿರುವುದು ಮೂರು ದಾರಿ: ಇಲ್ಲೇ ದಾಸ್ತಾನು ಇಟ್ಟ ಆನ್‌ಲೈನ್ ಅಂಗಡಿ, ಹತ್ತಾರು ಜನ ಸೇರಿ ತರಿಸುವ ಗ್ರೂಪ್ ಆರ್ಡರ್, ಕೊರಿಯಾದಿಂದ ನೇರ. ಒಂದೇ ಡಬ್ಬಿ ಬೇಕಾದವರಿಗೆ ಮೊದಲನೆಯದೇ ಸರಿ. ನೇರ ತರಿಸಿದರೆ ಆಲ್ಬಮ್ ಬೆಲೆಗಿಂತ ಸಾಗಣೆಯೇ ಕೈ ಸುಡಬಹುದು. ಕೊರಿಯರ್‌ನವರು ಎರಡು ತೂಕ ನೋಡಿ ಹೆಚ್ಚಿನದಕ್ಕೆ ದುಡ್ಡು ಹಾಕುತ್ತಾರೆ: ತಕ್ಕಡಿಯ ತೂಕ, ಮತ್ತು ಪೆಟ್ಟಿಗೆಯ ಉದ್ದ ಅಗಲ ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿದ್ದು. 30, 25, 10ರ ಪೆಟ್ಟಿಗೆ ಅಂದರೆ ಒಂದೂವರೆ ಕಿಲೋ, ಒಳಗೆ ಅರ್ಧ ಕಿಲೋ ಮಾತ್ರ ಇದ್ದರೂ. ಗಾಳಿಗೂ ಬಾಡಿಗೆ ಕೊಟ್ಟ ಹಾಗೆ.

ಗ್ರೂಪ್ ಆರ್ಡರ್‌ನಲ್ಲಿ ಎಡವುವುದು ಎರಡನೇ ಕಂತಿನಲ್ಲಿ. ಮೊದಲು ಆಲ್ಬಮ್ ಬೆಲೆ ಕಟ್ಟಿಸಿಕೊಳ್ಳುತ್ತಾರೆ. ಪೆಟ್ಟಿಗೆ ಬಂದ ಮೇಲೆ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಹಂಚುತ್ತಾರೆ. ನಿಮ್ಮ ಮನೆಗೆ ಕಳಿಸುವ ಖರ್ಚು ಮೂರನೆಯದು. ಹಂಚುವುದು ತೂಕದ ಮೇಲೋ, ತಲೆಲೆಕ್ಕದ ಮೇಲೋ ಅಂತ ಮೊದಲ ಕಂತು ಕಟ್ಟುವ ಮುಂಚೆ ಬರೆಸಿಕೊಳ್ಳಿ. ಬರಿ ಕಾರ್ಡ್ ತಗೊಂಡವರು ಡಬ್ಬಿ ತಗೊಂಡವರಷ್ಟೇ ಸುಂಕ ಕಟ್ಟಿ ಜಗಳಕ್ಕೆ ನಿಲ್ಲುವುದು ಇಲ್ಲೇ.

‘ಉಡುಗೊರೆ ಅಂತ ಬರೆಸಿದರೆ ಸುಂಕ ಬೀಳಲ್ಲ’ ಅನ್ನುವ ಸಲಹೆ ಇನ್ನೂ ಓಡಾಡುತ್ತಿದೆ, ನಂಬಬೇಡಿ. ವಿದೇಶದಿಂದ ಬರುವ 5,000 ರೂಪಾಯಿವರೆಗಿನ ಉಡುಗೊರೆಗೆ ಇದ್ದ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು. ರಾಖಿ ಮತ್ತು ಜೀವರಕ್ಷಕ ಔಷಧಿಗೆ ಮಾತ್ರ ಉಳಿಸಿದರು. ಖಾಸಗಿ ಕೊರಿಯರ್‌ನಲ್ಲಿ ಬಂದರೆ ಗುರುತಿನ ದಾಖಲೆ ಕೇಳುತ್ತಾರೆ. ಪಾರ್ಸೆಲ್ ಮೇಲಿನ ಹೆಸರು ದಾಖಲೆಯಲ್ಲಿದ್ದಂತೆಯೇ ಇರಬೇಕು. ದಾಖಲೆಯಲ್ಲಿ ಮನೆತನದ ಹೆಸರು ಕೊನೆಯಲ್ಲಿದ್ದು ಪಾರ್ಸೆಲ್‌ನಲ್ಲಿ ಬರಿ ಇನಿಷಿಯಲ್ ಇದ್ದರೆ ಪೆಟ್ಟಿಗೆ ಅಲ್ಲೇ ಕೊಳೆಯುತ್ತದೆ. ಮಕ್ಕಳ ಅಡ್ಡಹೆಸರಿನಲ್ಲಂತೂ ತರಿಸಲೇಬೇಡಿ, ಅಪ್ಪನದೋ ಅಮ್ಮನದೋ ಹೆಸರು ಹಾಕಿಸಿ.

ಪೆಟ್ಟಿಗೆ ಕೈಗೆ ಬಂದಾಗ ಫೋನನ್ನು ಯಾವುದಕ್ಕಾದರೂ ಆನಿಸಿ ನಿಲ್ಲಿಸಿ, ವಿಳಾಸದ ಚೀಟಿಯಿಂದ ಹಿಡಿದು ಕೊನೆಯ ಕಾರ್ಡ್‌ವರೆಗೆ ನಡುವೆ ನಿಲ್ಲಿಸದೆ ವಿಡಿಯೋ ತೆಗೆಯಿರಿ. ಕಾರ್ಡ್ ಕಮ್ಮಿ ಬಿದ್ದಿದೆ ಅಂತ ದೂರು ಕೊಟ್ಟರೆ ಮಾರಿದವರು ಮೊದಲು ಕೇಳುವುದು ಅದನ್ನೇ. ನಡುವೆ ಒಂದು ಕತ್ತರಿ ಬಿದ್ದಿದ್ದರೂ ದೂರು ಬಿದ್ದುಹೋಗುತ್ತದೆ. ಹೊರಡಬ್ಬಿಯ ಮೂಲೆ ಜಜ್ಜಿದೆ ಅನ್ನುವ ದೂರನ್ನು ಹೆಚ್ಚಿನವರು ತಗೊಳ್ಳುವುದಿಲ್ಲ, ಡಬ್ಬಿ ಇರುವುದೇ ಒಳಗಿನದನ್ನು ಕಾಯಲು ಅನ್ನುತ್ತಾರೆ. ಹೆಸರಲ್ಲಿ ‘ವೀವರ್ಸ್ ಆಲ್ಬಮ್’ ಅಂತಿದ್ದರೆ ಗಮನಿಸಿ: ಅದರಲ್ಲಿ ಸಿ.ಡಿ.ಯೇ ಇಲ್ಲ, ಕ್ಯೂಆರ್ ಕೋಡ್ ತೋರಿಸಿ ಆ್ಯಪ್‌ನಲ್ಲಿ ಕೇಳುವುದು. ಅಗ್ಗ ಅಂತ ಅದನ್ನು ಕೊಂಡು ಆಮೇಲೆ ಸಿ.ಡಿ. ಹುಡುಕಬೇಡಿ.

ಸಿ.ಡಿ. ಇದ್ದರೂ ಹಾಕಲು ಎಲ್ಲಿ? ಈಗಿನ ಲ್ಯಾಪ್‌ಟಾಪಿಗೆ ಡ್ರೈವ್ ಇರುವುದಿಲ್ಲ. ಯುಎಸ್‌ಬಿ ಡಿ.ವಿ.ಡಿ. ಡ್ರೈವ್ ಒಂದಿದ್ದರೆ ಮೊದಲ ದಿನವೇ ಹಾಡುಗಳನ್ನು ಫ್ಲ್ಯಾಕ್ ಕಡತವಾಗಿ ಇಳಿಸಿಕೊಳ್ಳಿ. ಕುಗ್ಗಿಸದೆ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ, ಫ್ಲ್ಯಾಕ್‌ನಲ್ಲಿ ಅದಕ್ಕಿಂತ ಕಮ್ಮಿ, ಸದ್ದಿನಲ್ಲಿ ಏನೂ ಕಳೆಯುವುದಿಲ್ಲ. ಆಮೇಲೆ ಸಿ.ಡಿ.ಯನ್ನು ಮುಟ್ಟುವ ಕೆಲಸವೇ ಇಲ್ಲ.

ಮುಂಬೈಯಲ್ಲಿ ಡಬ್ಬಿಯ ಶತ್ರು ಜೂನ್‌ನಿಂದ ಸೆಪ್ಟೆಂಬರ್. ಫೋಟೋ ಪುಸ್ತಕದ ಹಾಳೆ ಹಪ್ಪಳದಂತೆ ಅಲೆಯಲೆಯಾಗುತ್ತದೆ, ಹೊಳಪಿನ ಹಾಳೆಗಳು ಒಂದಕ್ಕೊಂದು ಅಂಟುತ್ತವೆ. ಹೊರಗೋಡೆಗೆ ಒತ್ತಿದ ಕಪಾಟು ಬೇಡ, ತೇವ ಅಲ್ಲಿಂದಲೇ ಇಳಿಯುವುದು. ಮುಚ್ಚಳ ಬಿಗಿಯಿರುವ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ, ಜೆಲ್ ಬಣ್ಣ ತಿರುಗಿದಾಗ ಬದಲಾಯಿಸಿ. ಸೀರೆ ಕಪಾಟಿನ ನುಸಿಗುಳಿಗೆ ಮಾತ್ರ ಹಾಕಬೇಡಿ, ಅದರ ಆವಿ ಕೆಲವು ಬಗೆಯ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡುತ್ತದೆ. ಫೋಟೋಕಾರ್ಡಿನ ಅಳತೆ ಸಾಮಾನ್ಯವಾಗಿ 55 × 85 ಮಿ.ಮೀ., ಅದಕ್ಕೆ ಒಂದೆರಡು ಮಿ.ಮೀ. ದೊಡ್ಡ ಪಾಲಿಪ್ರೊಪಿಲೀನ್ ಚೀಲ ಬೇಕು. ರಸ್ತೆ ಬದಿಯ ಮೆದು ಪಿವಿಸಿ ಪೌಚ್ ಒಂದು ಮಳೆಗಾಲದಲ್ಲಿ ಶಾಯಿಗೆ ಅಂಟಿ, ಎಳೆದರೆ ಮುಖದ ಬಣ್ಣವೇ ಕಿತ್ತು ಬರುತ್ತದೆ. ಲ್ಯಾಮಿನೇಷನ್ ಮಾಡಿಸಿದಿರೋ, ಕಾರ್ಡಿಗೆ ಮರುಮಾರಾಟದ ಬೆಲೆ ಹೋಯಿತು.

ಡಬ್ಬಿ ಕೊಳ್ಳುವ ಮನಸ್ಸಿಲ್ಲದಿದ್ದರೆ, ಅಥವಾ ಕೊಂಡ ಮೇಲೂ ಅವನದೇ ಬರಹ, ಅವನದೇ ನುಡಿ ಕೇಳಬೇಕೆನ್ನಿಸಿದರೆ, 2020ರ ಜೂನ್‌ನಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಪುಕ್ಕಟೆಯಾಗಿ ಹಾಕಿದ ‘ಸ್ಟಿಲ್ ವಿತ್ ಯೂ’ ಇದೆ. ಅದು ‘ಗೋಲ್ಡನ್’ನಲ್ಲಿ ಇಲ್ಲ. 2023ರ ಜುಲೈಯಿಂದ ಉಳಿದ ಸಂಗೀತದ ಆ್ಯಪ್‌ಗಳಲ್ಲೂ ಸಿಗುತ್ತಿದೆ. ಮಳೆಯ ಸದ್ದಿನಿಂದ ಶುರುವಾಗುತ್ತದೆ. ಇಲ್ಲಿಯ ಜುಲೈನಲ್ಲಿ ಕೇಳುವುದಾದರೆ ಕಿಟಕಿ ಮುಚ್ಚಿಕೊಳ್ಳಿ, ಇಲ್ಲದಿದ್ದರೆ ಹಾಡಿನ ಮಳೆ ಯಾವುದು, ಹೊರಗಿನದು ಯಾವುದು ಗೊತ್ತಾಗುವುದಿಲ್ಲ.