ಅನೇಕ್ ಕನ್ನಡ: ದಪ್ಪ ಮಾಡಿದರೂ ಹೊಟ್ಟೆ ಸೀಳು ಮುಚ್ಚದ ಫಾಂಟ್

ಬೆಂಗಳೂರಿನ ಸುಲ್ತಾನ್‌ಪೇಟೆ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ವರ್ಷಕ್ಕೆ ನಾಲ್ಕೈದು ಪುಸ್ತಕ ಮಾಡಿಕೊಡುತ್ತೇನೆ. ಎರಡು ವರ್ಷದಿಂದ ಶೀರ್ಷಿಕೆಗಳಿಗೆಲ್ಲ ಅನೇಕ್ ಕನ್ನಡವನ್ನೇ ಹಾಕುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ಲಗ್ನಪತ್ರಿಕೆಗೆ ಬೇರೆ ಫಾಂಟ್ ಬಳಸಿದ್ದೆ. ಅದರಲ್ಲಿ ಬೋಲ್ಡ್ ಇರಲಿಲ್ಲ. ಸುಮ್ನೆ ಸಾಫ್ಟ್‌ವೇರ್‌ನಲ್ಲೇ ದಪ್ಪ ಮಾಡಿದೆ. ಹಾಗೆ ಮಾಡಿದರೆ ಗೆರೆ ಊದಿಕೊಂಡು ಅಕ್ಷರದ ಒಳಗಿನ ಸಂದು ಮುಚ್ಚುತ್ತದೆ. ಹುಡುಗಿಯ ಹೆಸರು ‘ಧನ’ ಎಂದು ಶುರುವಾಗುತ್ತಿತ್ತು. ಧಕಾರದ ಹೊಟ್ಟೆ ಸೀಳು, ಅಂದರೆ ಕೆಳಗಿನ ಸಣ್ಣ ಸೀಳು, ಮುಚ್ಚಿಹೋಗಿ ‘ದನ’ ಎಂದು ಅಚ್ಚಾಯಿತು. 400 ಕಾರ್ಡು! ಅವಳ ಅಜ್ಜಿ ಬಂದು, “ನೋಡಪ್ಪ, ಮಗು ಹೆಸರು ಹೀಗಾಯ್ತಲ್ಲ” ಎಂದರು. ಬೈಯಲಿಲ್ಲ. ಎಲ್ಲವನ್ನೂ ಮತ್ತೆ ಅಚ್ಚು ಹಾಕಿಸಿಕೊಟ್ಟೆ. ಆ ಮಾತು ಇನ್ನೂ ಮನಸ್ಸಿನಲ್ಲಿದೆ.

ಅನೇಕ್ ಮಾಡಿದ್ದು ಮುಂಬೈನ ಏಕ್ ಟೈಪ್ ಅನ್ನುವ ಫಾಂಟ್ ಸಂಸ್ಥೆ. ಒಂಬತ್ತು ಭಾರತೀಯ ಲಿಪಿಗಳಿಗೂ ಲ್ಯಾಟಿನ್‌ಗೂ ಸೇರಿಸಿ ಮಾಡಿದ ಫಾಂಟ್ ಕುಟುಂಬ ಇದು. ದಪ್ಪ, ಅತಿ ತೆಳುವಾದ 100ರಿಂದ ಅತಿ ದಪ್ಪದ 800ರವರೆಗೆ (ಎಕ್ಸ್‌ಟ್ರಾ ಬೋಲ್ಡ್) ಹೋಗುತ್ತದೆ. ಎಳೆ ದಪ್ಪವಾದಂತೆ ಸಂದಿಗೂ ಜಾಗ ಬಿಟ್ಟು ಬರೆದಿದ್ದಾರೆ. ಎಕ್ಸ್‌ಟ್ರಾ ಬೋಲ್ಡ್‌ನಲ್ಲಿ ಧ, ಥ, ಫ, ಭ ತೆಗೆದು ಭೂತಗನ್ನಡಿ ಹಿಡಿದು ನೋಡಿದೆ. 18 ಪಾಯಿಂಟ್‌ನಲ್ಲಿ ನಾಲ್ಕೂ ಸ್ಪಷ್ಟ.

ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾದದ್ದು ಅಗಲ. ನಮ್ಮ ಅಕ್ಷರಗಳು ದುಂಡು, ಜಾಗ ತಿನ್ನುತ್ತವೆ. ಉದ್ದದ ಹೆಸರು ಕಾರ್ಡಿನಲ್ಲಿ ಹಿಡಿಸದಿದ್ದರೆ ನಾವೆಲ್ಲ ಪಕ್ಕದಿಂದ ಒತ್ತಿ 75 ಪರ್ಸೆಂಟ್ ಮಾಡುತ್ತೇವೆ, ಅಲ್ವಾ? ಆಗ ನಿಂತ ಗೆರೆ ತೆಳುವಾಗುತ್ತದೆ, ಮಲಗಿದ ಗೆರೆ ದಪ್ಪವಾಗಿಯೇ ಉಳಿಯುತ್ತದೆ. ತಲೆಕಟ್ಟು ಒಂದೇ ಎದ್ದು ಕಾಣುತ್ತದೆ. ಅನೇಕ್‌ನಲ್ಲಿ ಅಗಲವನ್ನೇ 75ರಿಂದ 125ರವರೆಗೆ ಬದಲಿಸಬಹುದು. ಅತಿ ಕಿರಿದಾದ ಕಂಡೆನ್ಸ್ಡ್‌ನಲ್ಲಿ ‘ಶ್ರೀ ಸತ್ಯನಾರಾಯಣ ಪೂಜಾ ಕಾರ್ಯಕ್ರಮ’ ಒಂದೇ ಸಾಲಿನಲ್ಲಿ ಕೂತಿತು, ಗೆರೆಯೂ ಹದವಾಗಿತ್ತು.

ಸಾಲಿನ ಅಂತರ ಮಾತ್ರ ಧಾರಾಳವಾಗಿ ಕೊಡಿ. ‘ರಾಷ್ಟ್ರ’ದಂಥ ಪದದಲ್ಲಿ ಒಂದು ಒತ್ತಿನ ಜೊತೆ ಇನ್ನೊಂದು ಒತ್ತು ಬರುತ್ತದೆ. ಕೆಳಗಿನ ಸಾಲಿನ ಗುಡಿಸಿಗೆ ಅದು ತಾಗಬಾರದು. 11 ಪಾಯಿಂಟ್ ಅಕ್ಷರಕ್ಕೆ ನಾನು 17 ಪಾಯಿಂಟ್ ಸಾಲಿನ ಅಂತರ ಕೊಡುತ್ತೇನೆ.

ಕಾದಂಬರಿಯ ಒಳಪುಟಕ್ಕೆ ಇದನ್ನು ಹಾಕುವುದಿಲ್ಲ. ಎಳೆಗಳು ಹೆಚ್ಚುಕಡಿಮೆ ಒಂದೇ ದಪ್ಪ. ಇನ್ನೂರು ಪುಟ ಓದುವ ಕಣ್ಣಿಗೆ ದಪ್ಪ-ತೆಳು ಏರಿಳಿತ ಬೇಕು ಅನ್ನುವುದು ನನ್ನ ಅನುಭವ. ಅಲ್ಲಿಗೆ ನೋಟೋ ಸೆರಿಫ್ ಕನ್ನಡ, ಅಧ್ಯಾಯದ ತಲೆಬರಹಕ್ಕೆ ಅನೇಕ್. ಎರಡೂ ಜೊತೆಯಲ್ಲಿ ಚೆನ್ನಾಗಿ ಕೂರುತ್ತವೆ.

ದುಡ್ಡು ಕೊಡಬೇಕಿಲ್ಲ, ಗೂಗಲ್ ಫಾಂಟ್ಸ್‌ನಲ್ಲಿದೆ. ಮುಕ್ತ ಪರವಾನಗಿ, ಅಚ್ಚಿಗೂ ಬಳಸಬಹುದು. ಇದು ಯೂನಿಕೋಡ್, ಹಾಗಾಗಿ ಪುಟ ಜೋಡಿಸುವ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನಲ್ಲಿ ನಡೆಯುವುದಿಲ್ಲ. ಇನ್‌ಡಿಸೈನ್‌ನಲ್ಲಾದರೆ ನಮ್ಮ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್ ರೆಡಿ ಕಂಪೋಸರ್ ಆರಿಸಿಕೊಳ್ಳಿ. ಇಲ್ಲದಿದ್ದರೆ ಒತ್ತಕ್ಷರ ಬಿಡಿಬಿಡಿಯಾಗಿ ಬೀಳುತ್ತದೆ, ಫಾಂಟೇ ಸರಿಯಿಲ್ಲ ಅಂದುಕೊಳ್ಳುತ್ತೀರಿ.