ಹ್ಯಾಮಕ್ ಕ್ವಿಲ್ಟ್ ಹೊಲಿಯುವವರೇ, ಅಪೆಕ್ಸ್ ಹೆಸರಿನಲ್ಲಿ ಮಾರುವ ನಕಲಿ ವ್ಯಾಡಿಂಗ್ ಬಗ್ಗೆ ಎಚ್ಚರ

ಹ್ಯಾಮಕ್‌ಗೆ (ಎರಡು ಮರಗಳ ನಡುವೆ ಕಟ್ಟಿ ಮಲಗುವ ಬಟ್ಟೆಯ ತೂಗುಹಾಸಿಗೆ) ತಾವೇ ಕ್ವಿಲ್ಟ್ ಹೊಲಿದುಕೊಳ್ಳಬೇಕೆಂದು ಆನ್‌ಲೈನ್‌ನಲ್ಲಿ ಕ್ಲೈಮಾಶೀಲ್ಡ್ ಅಪೆಕ್ಸ್ (ಚಳಿ ತಡೆಯಲು ಕ್ವಿಲ್ಟ್ ಒಳಗೆ ಹಾಕುವ ಸಿಂಥೆಟಿಕ್ ಹಾಳೆ) ಹುಡುಕುತ್ತಿರುವವರು ಹಣ ಕಳಿಸುವ ಮುನ್ನ ದಯವಿಟ್ಟು ಇದನ್ನು ಓದಿ. ಆ ಹೆಸರು ಹೇಳಿ ನನಗೆ ಮಾರಿದ್ದು ದಿಂಬು, ರಜಾಯಿಗಳಿಗೆ ಹಾಕುವ ಸಾಮಾನ್ಯ ಪಾಲಿಯೆಸ್ಟರ್ ವ್ಯಾಡಿಂಗ್. ಹಣ ಹೋಯಿತೆಂಬ ಸಂಕಟಕ್ಕಿಂತ, ಇದು ನಾನೇ ಹೊಲಿದದ್ದೆಂದು ಗೆಳೆಯರಿಗೆಲ್ಲ ತೋರಿಸಿದ ಕ್ವಿಲ್ಟ್ ಅದೇ ರಾತ್ರಿ ಅವರೆದುರೇ ನನ್ನನ್ನು ನಡುಗಿಸಿತೆಂಬ ಅವಮಾನ ದೊಡ್ಡದು.

ಹ್ಯಾಮಕ್‌ನಲ್ಲಿ ರಾತ್ರಿ ಕಳೆದವರಿಗೆ ಗೊತ್ತು: ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪವಿರಲಿ, ಮೈಭಾರಕ್ಕೆ ಬೆನ್ನಡಿಯ ಭಾಗ ಅಪ್ಪಚ್ಚಿಯಾಗಿ, ಕೆಳಗಿನಿಂದ ಬೀಸುವ ಗಾಳಿಯ ಚಳಿ ನೇರವಾಗಿ ಬೆನ್ನಿಗೆ ತಾಗುತ್ತದೆ. ಅದಕ್ಕಾಗಿಯೇ ಹ್ಯಾಮಕ್‌ನ ಹೊರಗೆ, ಅಡಿಯಲ್ಲಿ ತೂಗುಹಾಕುವ ಅಂಡರ್‌ಕ್ವಿಲ್ಟ್ ಬೇಕು. ಚಿಕ್ಕಮಗಳೂರಿನ ಬೆಟ್ಟಗಳ ಮಂಜಿನಲ್ಲಿ ಡೌನ್ (ಬಾತುಕೋಳಿಯಂಥ ಹಕ್ಕಿಗಳ ಮೃದು ಪುಕ್ಕ) ತೇವ ಹೀರಿ ಕುಗ್ಗುತ್ತದೆಂದು ನಾನು ಸಿಂಥೆಟಿಕ್ ಆರಿಸಿಕೊಂಡೆ. ಅಪೆಕ್ಸ್‌ನ ಹೆಚ್ಚುಗಾರಿಕೆ ಇರುವುದೇ ಅದರ ಎಳೆಯಲ್ಲಿ. ತುಂಡಾಗದೆ ಸಾಗುವ ಉದ್ದನೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಅಂಚಿಗೆ ಮಾತ್ರ ಹೊಲಿದರೂ ಪದರ ಜಾರುವುದಿಲ್ಲ. ಕೌದಿಗೆ ಹಾಕುವ ಹಾಗೆ ಸಾಲುಸಾಲಾಗಿ ಹೊಲಿಗೆ ಬೇಕಿಲ್ಲ. ಹೊಲಿಗೆ ಬಿದ್ದಲ್ಲೆಲ್ಲ ದಪ್ಪ ಕುಗ್ಗಿ ಚಳಿ ನುಗ್ಗುವುದರಿಂದ ಇದು ಸಣ್ಣ ಅನುಕೂಲವಲ್ಲ. ಸಾಮಾನ್ಯ ವ್ಯಾಡಿಂಗ್‌ನಲ್ಲಿರುವುದು ಗಿಡ್ಡ ಎಳೆಗಳು. ನಡುವೆ ಹೊಲಿಗೆಯಿಲ್ಲದಿದ್ದರೆ ಅದು ಕಿತ್ತುಕೊಂಡು ಮುದ್ದೆಯಾಗುತ್ತದೆ.

ಈ ವ್ಯತ್ಯಾಸವನ್ನೇ ಮುಂದಿಟ್ಟು ಮಾರಾಟಗಾರರನ್ನು ವಾಟ್ಸಾಪ್‌ನಲ್ಲಿ ಕೇಳಿದ್ದೆ. "ನೂರಕ್ಕೆ ನೂರು ಒರಿಜಿನಲ್ ಸರ್, ಅಮೆರಿಕದ ಮಾಲು. ಮಧ್ಯದಲ್ಲಿ ಹೊಲಿಗೆ ಬೇಡವೇ ಬೇಡ, ಸುತ್ತ ಅಂಚು ಹೊಲಿದರೆ ಸಾಕು" ಎಂದು ಅವರೇ ಬರೆದರು. ನಾನು ಕೇಳಿದ್ದು ಚದರ ಗಜಕ್ಕೆ 3.6 ಔನ್ಸಿನದು, ಅಂದರೆ ಚದರ ಮೀಟರಿಗೆ ಸುಮಾರು 122 ಗ್ರಾಂ. ಬಂದ ಹಾಳೆಯನ್ನು ತೂಗಿ ನೋಡಿದಾಗ ಲೆಕ್ಕ ಸರಿಯಾಗಿಯೇ ಇತ್ತು. ಮೋಸ ಮಾಡುವವರು ತೂಕದಲ್ಲಿ ಸಿಕ್ಕಿಬೀಳುವುದಿಲ್ಲ, ಇದನ್ನು ಗಮನಿಸಿ.

20 ಡೀನಿಯರ್ ರಿಪ್‌ಸ್ಟಾಪ್ ನೈಲಾನ್ (ಹರಿದರೂ ಹರಿವು ಹಬ್ಬದಂತೆ ನೇಯ್ದ ತೆಳು ಎಳೆಯ ಬಟ್ಟೆ) ಕತ್ತರಿಸಿ, ಹೊರಪದರವನ್ನು ಒಳಪದರಕ್ಕಿಂತ ತುಸು ಅಗಲವಾಗಿಟ್ಟು, ಎರಡೂ ತುದಿಗೆ ಎಲಾಸ್ಟಿಕ್ ಹಗ್ಗ ಹಾಯುವಂತೆ ಮಡಿಕೆ ಹೊಲಿದು, ಒಪ್ಪವಾಗಿಯೇ ಮುಗಿಸಿದ್ದೆ. ಬೆಟ್ಟದ ಮೇಲೆ ನಡುರಾತ್ರಿ ಸೊಂಟದ ಕೆಳಗೆ ಮಂಜುಗಡ್ಡೆ ಇಟ್ಟಂತಾಗಿ ಎದ್ದೆ. ಟಾರ್ಚ್ ಹಾಕಿ ಅಡಿಯಿಂದ ಕೈಯಾಡಿಸಿದರೆ ಬೆನ್ನಿನ ಜಾಗದಲ್ಲಿ ಬರೀ ಎರಡು ಪದರ ನೈಲಾನ್. ಒಳಗಿದ್ದದ್ದೆಲ್ಲ ಕಾಲಿನ ಕಡೆಗೆ ಸರಿದು ಉಂಡೆಯಾಗಿತ್ತು. ಊರಿಗೆ ಬಂದು ಅಂಚು ಬಿಚ್ಚಿ, ಹಾಳೆಯ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ಹಿಂಜಿದ ಅರಳೆಯ ಹಾಗೆ ಒಂದು ಹಿಡಿ ಕೈಗೇ ಬಂತು. ನಿಜವಾದ ಅಪೆಕ್ಸ್ ಹಾಗೆ ಕಿತ್ತು ಬರುವುದಿಲ್ಲ, ಖಂಡಿತ ಬರುವುದಿಲ್ಲ.

ಫೋಟೋ, ವಿಡಿಯೋ ಎಲ್ಲವನ್ನೂ ಕಳಿಸಿದೆ. ಬಂದ ಉತ್ತರ ನೋಡಿ: "ನೀವು ಹೊಲಿದ ರೀತಿ ತಪ್ಪು ಸರ್. ಮಧ್ಯದಲ್ಲಿ ಹೊಲಿಗೆ ಹಾಕಬೇಕಿತ್ತು." ಹೊಲಿಗೆ ಬೇಡವೇ ಬೇಡ ಎಂದು ಬರೆದ ಅದೇ ವ್ಯಕ್ತಿ, ಅದೇ ಚಾಟ್‌ನಲ್ಲಿ! ಅವರ ಹಳೆಯ ಮೆಸೇಜನ್ನೇ ಅವರಿಗೆ ತೋರಿಸಿದಾಗ, "ಕತ್ತರಿಸಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂದರು. ಕತ್ತರಿಸದೆ ಕ್ವಿಲ್ಟ್ ಹೊಲಿಯುವುದು ಹೇಗೆ? ಇನ್ನೂ ಒತ್ತಾಯಿಸಿದಾಗ ಬಂದ ಮಾತು ನನ್ನ ಮೈ ಉರಿಸಿತು: "ಬಿಲ್ ನೋಡಿ ಸರ್. ಬಿಲ್‌ನಲ್ಲಿ ಏನಿದೆಯೋ ಅದನ್ನೇ ಕೊಟ್ಟಿದ್ದೇವೆ." ಬಿಲ್‌ನಲ್ಲಿ ಇದ್ದದ್ದು "ಪಾಲಿಯೆಸ್ಟರ್ ವ್ಯಾಡಿಂಗ್ ಶೀಟ್" ಎಂಬ ಮೂರೇ ಪದ, ಅಪೆಕ್ಸ್ ಎಂಬ ಹೆಸರೇ ಇರಲಿಲ್ಲ. ಜಾಹೀರಾತಿನಲ್ಲಿ ಒಂದು ಹೆಸರು, ಚಾಟ್‌ನಲ್ಲಿ ಅದೇ ಹೆಸರು, ಬಿಲ್‌ನಲ್ಲಿ ಮಾತ್ರ ಬೇರೆ. ಅಂದರೆ ಪಾರಾಗುವ ದಾರಿಯನ್ನು ಮಾರುವಾಗಲೇ ಮಾಡಿಟ್ಟುಕೊಂಡಿದ್ದರು. ಕೊನೆಗೆ, ಮುಂದಿನ ಆರ್ಡರಿಗೆ ರಿಯಾಯಿತಿ ಕೊಡುತ್ತೇವೆ ಎಂದರು. ಬೇಡವೆಂದು ಬರೆದ ಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದರು.

ಮಾಲಿನ ಪೂರ್ತಿ ಹೆಸರನ್ನು ಬಿಲ್‌ನಲ್ಲಿ ಬರೆದುಕೊಡಲು ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮೊದಲು ಅಂಗೈಯಗಲದ ತುಂಡು ತರಿಸಿ, ಎಳೆದು ನೋಡಿ. ತುಂಡು ಕಳಿಸಲು ಹಿಂಜರಿದರೆ ಅಲ್ಲಿಗೇ ಬಿಡಿ. ಇಂಥವರಿಂದ ಈಗಾಗಲೇ ಕೊಂಡಿದ್ದರೆ ಕತ್ತರಿ ಹಾಕುವ ಮೊದಲೇ ಪರೀಕ್ಷಿಸಿ, ಚಾಟ್‌ನ ಸ್ಕ್ರೀನ್‌ಶಾಟ್‌ಗಳನ್ನು ಇಂದೇ ತೆಗೆದಿಟ್ಟುಕೊಳ್ಳಿ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ. ಅವರ ಎರಡೂ ಮೆಸೇಜುಗಳನ್ನು, ಹೊಲಿಗೆ ಬೇಡವೆಂದದ್ದನ್ನೂ ಹೊಲಿಗೆ ಹಾಕಬೇಕಿತ್ತೆಂದದ್ದನ್ನೂ, ದೂರಿನ ಜೊತೆ ಲಗತ್ತಿಸಿದ್ದೇನೆ.