ವರ್ಷದ ಓದಿಗೆ ಗುರಿ: ಪುಸ್ತಕದ ಲೆಕ್ಕವೋ, ಪುಟದ ಲೆಕ್ಕವೋ?

‘ಈ ವರ್ಷ 24 ಪುಸ್ತಕ’ ಎಂದು ಜನವರಿಯಲ್ಲಿ ಬರೆದಿಟ್ಟುಕೊಳ್ಳುವುದು ಸುಲಭ. ಓದುಗರ ಜಾಲತಾಣ ಗುಡ್‌ರೀಡ್ಸ್ 2011ರಲ್ಲಿ ಆರಂಭಿಸಿದ ವಾರ್ಷಿಕ ಸವಾಲು ಕೂಡ ಪುಸ್ತಕಗಳನ್ನೇ ಎಣಿಸುತ್ತದೆ. ತಿಂಗಳಿಗೆ 2 ಎಂಬ ಲೆಕ್ಕ ಮನಸ್ಸಿನಲ್ಲಿ ನಿಲ್ಲುತ್ತದೆ. ಓದಿ ಮುಗಿಸಿದವುಗಳ ಸಾಲು ಕಪಾಟಿನಲ್ಲಿ ಬೆಳೆಯುವುದನ್ನು ನೋಡುವ ಸಂತೋಷವೇ ಬೇರೆ.

ಆದರೆ ಈ ಲೆಕ್ಕಕ್ಕೆ 80 ಪುಟದ ಕವನ ಸಂಕಲನವೂ ಒಂದೇ, 700 ಪುಟ ದಾಟುವ ‘ಮಲೆಗಳಲ್ಲಿ ಮದುಮಗಳು’ ಕೂಡ ಒಂದೇ. ನನ್ನ ತಕರಾರು ಇರುವುದೇ ಇಲ್ಲಿ. ಅಕ್ಟೋಬರ್ ಹೊತ್ತಿಗೆ ಹಿಂದೆ ಬಿದ್ದವರು ತೆಳ್ಳನೆಯ ಪುಸ್ತಕಗಳನ್ನು ಹುಡುಕತೊಡಗುತ್ತಾರೆ. ಒಂದು ವರ್ಷ ನಾನೂ ಹಾಗೆ ಮಾಡಿ, ಅರ್ಧ ಓದಿದ್ದ ಒಳ್ಳೆಯ ಕಾದಂಬರಿಯೊಂದನ್ನು ಬದಿಗಿಟ್ಟೆ. ಆ ಬೇಸರ ಇನ್ನೂ ಇದೆ.

ಪುಟದ ಲೆಕ್ಕದಲ್ಲಿ ಆ ಆಮಿಷವಿಲ್ಲ. ದಿನಕ್ಕೆ 20 ಪುಟವೆಂದರೆ ವರ್ಷಕ್ಕೆ 7,300. ತಲಾ 200 ಪುಟದ ಪುಸ್ತಕಗಳಾದರೆ 36 ಮುಗಿಯುತ್ತವೆ. 24ರ ಗುರಿಗಾದರೆ ದಿನಕ್ಕೆ 14 ಪುಟ ಸಾಕು. ಹಬ್ಬ, ಮದುವೆ, ಜ್ವರ ಎಂದು ಕೆಲವು ದಿನ ತಪ್ಪಿದರೂ ಮುಂದಿನ ವಾರ ಸರಿದೂಗಿಸಬಹುದು. ಇದು ಸೋಲುವುದು ಕವಿತೆ, ವಚನಗಳ ಮುಂದೆ. ನಾಲ್ಕು ಸಾಲಿನ ವಚನವೊಂದು ಅರ್ಧ ಗಂಟೆ ಹಿಡಿದು ಕೂರಿಸಿದರೆ ಪುಟ ಸರಿಯುವುದೇ ಇಲ್ಲ. ಅಂಥ ಓದಿಗೆ ದಿನಕ್ಕೆ 30 ನಿಮಿಷವೆಂದು ಹೊತ್ತನ್ನೇ ಗೊತ್ತು ಮಾಡಿಕೊಳ್ಳಿ.

ಓದುವ ಅಭ್ಯಾಸ ತಪ್ಪಿಹೋಗಿದ್ದರೆ ಪುಸ್ತಕದ ಲೆಕ್ಕವನ್ನೇ ಹಿಡಿಯಿರಿ, 12 ಸಾಕು: ಒಂದನ್ನು ಮುಗಿಸಿದ ಹುರುಪು ಇನ್ನೊಂದನ್ನು ಕೈಗೆತ್ತಿಕೊಳ್ಳುವಂತೆ ಮಾಡುತ್ತದೆ. ದಪ್ಪ ಕಾದಂಬರಿಗಳನ್ನು ಪ್ರೀತಿಸುವವರು ನೀವಾದರೆ, ಪುಟವನ್ನೇ ಎಣಿಸಿ.